ಮೂವತ್ತೊಂದರ ಮುಂದೆ

ರಾಜೇಶ್ವರಿಯ ಲೆಕ್ಕದಲ್ಲಿ ಇಪ್ಪತ್ತಾರು ಆಗಿದ್ದವು. ಬೆಳಗಾವಿಯ ಮೈದಾನದಲ್ಲಿ ಸೀಟಿ ಹಿಡಿದು ನಿಂತಿದ್ದ ಮೇಡಮ್ ಲೆಕ್ಕದಲ್ಲಿ ಒಂಬತ್ತು.

"ಎದೆ ನೆಲದ ಹತ್ತಿರಕ್ಕೂ ಹೋಗಿಲ್ಲ. ಬರೀ ಕತ್ತು ಕುಣಿಸಿದ್ರೆ ಪುಶ್‌ಅಪ್ ಆಗಲ್ಲಮ್ಮ," ಎಂದ ಮೇಡಮ್ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಮುಂದಿನವಳನ್ನು ಕರೆದರು.

ಹೊಳೆ ಉಕ್ಕಿ ಬಂದಾಗ ಬೋಟು, ಹಗ್ಗ ತೆಗೆದುಕೊಂಡು ಓಡಿ ಬರುವ ರಕ್ಷಣಾ ಪಡೆಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ಕೇಳಿ ರಾಜಿ ಅರ್ಜಿ ಹಾಕಿದ್ದಳು. ಓಟದಲ್ಲಿ ಪಾಸು, ಈಜಿನಲ್ಲಿ ಪಾಸು, ಮೂವತ್ತು ಪುಶ್‌ಅಪ್ಪಿನಲ್ಲಿ ಫೇಲು. ಮತ್ತೊಂದು ಪರೀಕ್ಷೆ ನಾಲ್ಕು ತಿಂಗಳಿಗೆ ಇತ್ತು. ಅದರಾಚೆಗೆ ಅವಳ ವಯಸ್ಸು ಮೀರುತ್ತಿತ್ತು. ಅಂದರೆ ಉಳಿದದ್ದು ಒಂದೇ ಸಲ.

ಇಷ್ಟೊಂದು ಹಟ ಯಾಕೆ ಎಂದು ಕೇಳಿದವರಿಗೆ ಅವಳು ನಗುತ್ತ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದಳು. ನಿಜವಾದ ಕಾರಣ ಅವಳ ಆಯಿ, ಅಂದರೆ ಅಪ್ಪನ ತಾಯಿ, ಯಲ್ಲವ್ವ. ಮಲಪ್ರಭೆ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿದ ವರ್ಷ ಆಯಿ ಮಾಳಿಗೆಯ ಮೇಲೆ ಸಿಕ್ಕಿಬಿದ್ದಿದ್ದಳು. ಬೋಟಿನವರು ಕೈ ಚಾಚಿದರೆ ಮುದುಕಿ ಹಿಡಿಯಲೊಲ್ಲಳು. "ಕಂಡಕಂಡವರ ಕೈ ಹಿಡ್ಯಾಕ ನಾ ಏನ ಮದವಿ ಆಗಾಕ ಹೊಂಟೇನೇನು?" ಎಂದು ಅಲ್ಲಿಂದಲೇ ಜಗಳ. ಕೊನೆಗೆ ರಾಜಿಯೇ ಬೋಟಿನಿಂದ ಬಾಗಿ ಎರಡೂ ಕೈ ಕೊಟ್ಟಳು. ಆಯಿ ಹಿಡಿದಳು. ಆದರೆ ರಾಜಿಯ ತೋಳು ಭಾರ ತಡೆಯಲಿಲ್ಲ. ಮುದುಕಿ ಕೆಂಪು ನೀರಿನಲ್ಲಿ ಒಮ್ಮೆಯಲ್ಲ, ಎರಡು ಸಲ ಮುಳುಗಿ ಎದ್ದಳು. ಯಾರೋ ಹಿಂದಿನಿಂದ ಸೆರಗಿಗೆ ಕೈ ಹಾಕಿ ಎಳೆದದ್ದರಿಂದ ಬದುಕಿದಳು. ಆಯಿ ಅದನ್ನು ನಗುತ್ತ ಊರಿಗೆಲ್ಲ ಹೇಳುತ್ತಾಳೆ. ರಾಜಿಗೆ ಮಾತ್ರ ಅಂದು ತನ್ನ ಬೆರಳುಗಳ ನಡುವಿನಿಂದ ಆ ಕೈ ಜಾರಿದ್ದು ಇಂದಿಗೂ ಊಟದ ನಡುವೆ ನೆನಪಾಗುತ್ತದೆ.

ಬೆಳಗಾವಿಯಿಂದ ಸೋತು ಬಂದ ದಿನ ಆಯಿ ತನ್ನ ಟ್ರಂಕಿನ ತಳದಿಂದ ತುಕ್ಕು ಹಿಡಿದ ಕೀಲಿಯೊಂದನ್ನು ತೆಗೆದು ಮೊಮ್ಮಗಳ ಕೈಗಿಟ್ಟಳು. ಅದು ತಾಲೀಮಿನ ಕೀಲಿ. ಹೊಳೆದಂಡೆಯ ಆ ಕುಸ್ತಿಮನೆಯಲ್ಲಿ ರಾಜಿಯ ಅಜ್ಜ ನಿಜಗುಣಪ್ಪ ವಸ್ತಾದರು ಒಂದು ಕಾಲಕ್ಕೆ ಅರ್ಧ ತಾಲೂಕಿನ ಪೈಲವಾನರನ್ನು ತಯಾರು ಮಾಡಿದ್ದರು. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷ. ಅಂದಿನಿಂದ ಅದಕ್ಕೆ ಬೀಗ.

"ಹೆಣ್ಣಮಕ್ಕಳು ಅಲ್ಲಿ ಮಣ್ಣ ತುಳೀಬಾರದಂತಲ್ಲ ಆಯಿ?"

"ಹೊಳಿ ಎರಡ ಸಲ ಒಳಗ ಹೊಕ್ಕ ಬಂದೈತಿ. ಆಕಿ ಹೆಣ್ಣಲ್ಲೇನ? ಹೋಗು."

ಅಪ್ಪ ಮಹಾದೇವ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮಾತು ಕಡಿಮೆ, ಕೈ ತುಂಬ ಕೆಲಸ, ಮೈ ತುಂಬ ಜೋಳದ ಹಿಟ್ಟು. ಒಂದು ಕಾಲಕ್ಕೆ ಅವನೂ ಪೈಲವಾನನೇ. ಈಗ ತಾಲೀಮಿನ ಓಣಿಯಲ್ಲಿ ಹಾಯಬೇಕಾದರೆ ಸುತ್ತು ಬಳಸಿ ಹೋಗುತ್ತಿದ್ದ. ಕೀಲಿಯನ್ನು ನೋಡಿದವನೇ, "ಎಲ್ಲಿ ಬೇಕಾದಲ್ಲಿ ಮಾಡು. ಅಲ್ಲಿ ಮಾತ್ರ ಬ್ಯಾಡ," ಎಂದು ಎದ್ದು ಹೋದ. ಬೇಡ ಎಂದದ್ದನ್ನು ಮಾಡದಿದ್ದರೆ ಅವಳು ಯಲ್ಲವ್ವನ ಮೊಮ್ಮಗಳು ಹೇಗಾದಾಳು? ಝೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಮಧ್ಯಾಹ್ನ ಎರಡು ತಾಸು ಬಿಡುವು. ಆ ಹೊತ್ತಿಗೆ ಗಿರಣಿಯ ಸದ್ದಿನಲ್ಲಿ ಅಪ್ಪನಿಗೆ ಲೋಕದ ಖಬರು ಇರುತ್ತಿರಲಿಲ್ಲ. ಅದೇ ಅವಳ ಹೊತ್ತಾಯಿತು.

ಒಳಗೆ ಹೊಳೆಯ ಮಡ್ಡಿ ಒಣಗಿ ಬಿರುಕು ಬಿಟ್ಟಿತ್ತು. ಗದೆ, ಎತ್ತುವ ಕಲ್ಲಿನ ಗುಂಡು, ಎಣ್ಣೆಯ ಡಬ್ಬಿ, ಕನ್ನಡಿ ಎಲ್ಲ ದಿಕ್ಕಾಪಾಲಾಗಿ ಬಿದ್ದಿದ್ದವು. ವಸ್ತಾದರ ಕುರ್ಚಿ ಮಾತ್ರ ತನ್ನ ಮೂಲೆಯಲ್ಲಿ, ಮಣ್ಣಿನ ಅಖಾಡಕ್ಕೆ ಮುಖ ಮಾಡಿ, ಯಾರೋ ಈಗಷ್ಟೇ ಸರಿಯಾಗಿ ಇಟ್ಟ ಹಾಗೆ ಇತ್ತು. ಕಲ್ಲಿನ ಗುಂಡನ್ನೇ ಉರುಳಿಸಿದ ಎರಡು ಪ್ರವಾಹ ಈ ಕಟ್ಟಿಗೆಯ ಕುರ್ಚಿಯನ್ನು ಯಾಕೆ ಬಿಟ್ಟವು ಎಂದು ರಾಜಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಕಸಬರಿಗೆ ಹಿಡಿದಳು.

ಹದಿನೈದು ದಿನ ಬರೀ ಮಣ್ಣಿನ ಸೇವೆ. ಮಡ್ಡಿ ಅಗೆದು ಹಾಕಿ, ಆಯಿ ಹೇಳಿದಂತೆ ಕೆಳಗಿನ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಷಿಣ, ಎಣ್ಣೆ ಬೆರೆಸಿದಳು. ಗೋಡೆಯನ್ನು ಒರೆಸಿದಾಗ ಅಜ್ಜ ಬಣ್ಣದಲ್ಲಿ ಬರೆಸಿದ್ದ ಮೂರು ಸಾಲು ಕಂಡವು. ಕಾಲು ತೊಳೆದು ಒಳಗೆ ಬರಬೇಕು. ತನ್ನ ದಂಡ ತಾನು ಎಣಿಸಬಾರದು. ಎಣಿಸುವವರು ಸಾಕು ಅನ್ನುವ ತನಕ ಏಳಬಾರದು.

ದಂಡ ಅಂದರೆ ಪುಶ್‌ಅಪ್ಪಿಗೆ ತಾಲೀಮಿನವರ ಹೆಸರು. ಎರಡನೆಯ ಸಾಲು ಓದಿ ರಾಜಿಗೆ ನಗು ಬಂತು. ತನ್ನ ಇಪ್ಪತ್ತಾರು ಒಂಬತ್ತಾದದ್ದು ಯಾಕೆಂದು ಅಜ್ಜ ಮೊದಲೇ ಬರೆದಿಟ್ಟಿದ್ದರಲ್ಲ! ತನ್ನ ದಂಡ ತಾನು ಎಣಿಸುವವನು ಎಂದೂ ತನಗೆ ಮೋಸ ಮಾಡಿಕೊಳ್ಳದೆ ಇರಲಾರ. ಆದರೆ ಈ ಮಧ್ಯಾಹ್ನದ ಬಿಸಿಲಲ್ಲಿ ಎಣಿಸಲು ಇನ್ಯಾರನ್ನು ಕರೆಯುವುದು? ಅವಳು ಮೂಲೆಯ ಕಡೆ ತಿರುಗಿ, ಗೆಳತಿಗೆ ಹೇಳಿದಷ್ಟು ಸಲೀಸಾಗಿ, "ಅಜ್ಜಾ, ನೀವ ಎಣಸ್ರಿ ಹಂಗಾರ," ಎಂದು ಅಂಗೈ ಊರಿದಳು.

ಇಳಿದಳು, ಏರಿದಳು. ಏನೂ ಆಗಲಿಲ್ಲ. ಇನ್ನೊಂದು ಸಲ. ಏನೂ ಇಲ್ಲ. ಮೂರನೆಯ ಸಲ ಎದೆ ಮಣ್ಣಿಗೆ ತಾಗುವಷ್ಟು ಇಳಿದು, ಹಲ್ಲು ಕಚ್ಚಿ ಏರಿದಾಗ ಮೂಲೆಯಿಂದ ದಪ್ಪನೆಯ, ಅವಸರವೇ ಇಲ್ಲದ ಧ್ವನಿ ಬಂತು.

"ಮೂವತ್ತೆರಡು."

ರಾಜಿಯ ತೋಳು ಕುಸಿದು ಮುಖ ಮಣ್ಣಿಗೆ ಬಿತ್ತು. ತಲೆಯೆತ್ತಿ ನೋಡಿದರೆ ಖಾಲಿ ಕುರ್ಚಿ, ಮೇಲಿನ ಕಿಂಡಿಯಿಂದ ಬಿದ್ದ ಬಿಸಿಲಿನ ಪಟ್ಟಿ, ಅದರಲ್ಲಿ ತೇಲುವ ಧೂಳು. ಹೊಳೆಯಾಚೆ ಯಾರೋ ಏನೋ ಕೂಗಿರಬೇಕು ಎಂದುಕೊಂಡು ಮನೆಗೆ ಹೋದಳು. ಮರುದಿನ ಮತ್ತೆ ಬಂದಳು. ಭಯ ಇತ್ತು, ನಿಜ. ಪರೀಕ್ಷೆಯ ಭಯ ಅದಕ್ಕಿಂತ ದೊಡ್ಡದಿತ್ತು.

ಆ ದಿನವೂ ಮೂವತ್ತೆರಡರಿಂದಲೇ ಶುರು. ಮೂವತ್ಮೂರು ಆಯಿತು. ಮೂವತ್ನಾಲ್ಕಕ್ಕೆ ಬಿದ್ದಳು. ಬಿದ್ದ ಕೂಡಲೇ ಧ್ವನಿ ನಿಂತಿತು.

ಕೆಲವೇ ದಿನಗಳಲ್ಲಿ ಅವಳಿಗೆ ಅದರ ರೀತಿ ಗೊತ್ತಾಯಿತು. ಸೊಂಟ ಜೋತರೆ ಎಣಿಕೆ ಇಲ್ಲ. ಮೊಣಕೈ ರೆಕ್ಕೆಯ ಹಾಗೆ ಹೊರಗೆ ಹೋದರೆ ಎಣಿಕೆ ಇಲ್ಲ. ಮೊಣಕಾಲು ಊರಿ ಮಾಡಿದರಂತೂ ಮೂಲೆಯಿಂದ ಒಂದು ಬೇಸರದ ಉಸಿರು ಕೇಳಿಸುತ್ತಿತ್ತು. ಸರಿಯಾದ ಒಂದು ದಂಡಕ್ಕೆ ಒಂದು ಅಂಕಿ, ಅಷ್ಟೇ. ಭೇಷ್ ಎಂಬ ಮಾತು ಆ ಬಾಯಲ್ಲಿ ಇರಲಿಲ್ಲ. ಅಜ್ಜ ಬದುಕಿದ್ದಾಗಲೂ ಇರಲಿಲ್ಲವಂತೆ.

ಆದ್ದರಿಂದ ರಾಜಿ ಬೇರಿನಿಂದಲೇ ಶುರು ಮಾಡಿದಳು. ಮನೆಯಲ್ಲಿ ಬೆಳಿಗ್ಗೆ ಗೋಡೆಗೆ ಕೈ ಊರಿ, ಆಮೇಲೆ ಕಟ್ಟೆಗೆ, ಆಮೇಲೆ ಮೆಟ್ಟಿಲಿಗೆ, ವಾರವಾರ ಕೈ ಕೆಳಗಿಳಿಸುತ್ತ ಬಂದಳು. ಏರಲಾಗದ ದಿನ ಬರೀ ಇಳಿಯುವುದನ್ನೇ ಕಲಿತಳು, ಐದು ಉಸಿರು ಎಣಿಸುವಷ್ಟು ನಿಧಾನ. ಹಲಗೆಯ ಹಾಗೆ ಮೈ ಬಿಗಿದು ನಿಲ್ಲುವುದು, ಒಂದು ದಿನ ಬಿಟ್ಟು ಒಂದು ದಿನ ತೋಳಿಗೆ ವಿಶ್ರಾಂತಿ, ರೊಟ್ಟಿಯ ಜೊತೆ ಮೊಳಕೆ ಹೆಸರುಕಾಳು, ಶೇಂಗಾ, ಗಟ್ಟಿ ಮೊಸರು. ಹನಿ ಹನಿ ಕೂಡಿದರೆ ಹಳ್ಳ ಎಂದು ಸುಮ್ಮನೆ ಹೇಳಿಲ್ಲ. ಎರಡು ತಿಂಗಳಿಗೆ ಎಣಿಕೆ ನಲವತ್ತೆರಡು ಮುಟ್ಟಿತು, ಮೂರು ತಿಂಗಳಿಗೆ ಐವತ್ತೊಂದು. ಅಂದರೆ ಇಪ್ಪತ್ತು ದಂಡ. ಮೊದಲಿನ ಮೂವತ್ತೊಂದು ಯಾರವು ಎಂದು ಅವಳು ಕೇಳಲಿಲ್ಲ. ಬಿಟ್ಟಿ ಬಂದದ್ದನ್ನು ಯಾರು ವಿಚಾರಿಸುತ್ತಾರೆ?

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಎಣಿಕೆ ಐವತ್ನಾಲ್ಕಕ್ಕೆ ಬಂದಾಗ ಅಂಗಡಿಯ ಮಾಲೀಕ ಗೌರೀಶನ ಫೋನು ಬಂತು. ಒಂದೇ ಸಮ ಬಡಿದುಕೊಂಡಿತು. ಮಾತಾಡಿ ಮತ್ತೆ ಶುರು ಮಾಡಿದರಾಯಿತು ಎಂದು ರಾಜಿ ಏಳಲು ಹೋದಳು.

ಅಂಗೈ ಮಣ್ಣಿನಿಂದ ಏಳಲಿಲ್ಲ.

ಅಂಟಿಕೊಂಡಿರಲಿಲ್ಲ, ಯಾರೂ ಹಿಡಿದೂ ಇರಲಿಲ್ಲ. ಏಳು ಎಂದು ಮನಸ್ಸು ಹೇಳುತ್ತಿತ್ತು, ಕೈಗೆ ಅದು ಕೇಳಿಸುತ್ತಲೇ ಇರಲಿಲ್ಲ. ಮೂಲೆಯ ಧ್ವನಿ ಕಾಯುತ್ತಿತ್ತು. ಅವಳ ಮೈ ತಾನಾಗಿಯೇ ಇಳಿಯಿತು, ಏರಿತು. "ಐವತ್ತೈದು." ಮತ್ತೆ ಇಳಿಯಿತು. ಕೊನೆಗೆ ಅರವತ್ತು ದಾಟಿ ತೋಳಿನ ಕಸುವು ತೀರಿ ಅವಳು ದೊಪ್ಪನೆ ಬಿದ್ದಾಗಲೇ ಅಂಗೈ ಅವಳದಾಯಿತು. ಆಗ ಅವಳಿಗೆ ಹೊಳೆಯಿತು: ಈ ನಾಲ್ಕು ತಿಂಗಳಲ್ಲಿ ಈ ಮಣ್ಣಿನಲ್ಲಿ ತಾನು ಪ್ರತಿ ಸಲ ಬಿದ್ದಿದ್ದೇನೆ. ತಾನಾಗಿ ಒಮ್ಮೆಯೂ ಎದ್ದಿಲ್ಲ.

ಮನೆಗೆ ಓಡಿ ಬಂದು ಆಯಿಯ ಮಡಿಲಲ್ಲಿ ಮುಖ ಹುದುಗಿಸಿ ಎಲ್ಲ ಹೇಳಿದಳು. ಆಯಿ ಅವಳ ಕೂದಲಿನ ಮಣ್ಣು ಕೊಡವಿದಳು.

"ಮೂವತ್ತೆರಡರಿಂದ ಅಂದಿ?" ಎಂದು ಕೇಳಿದಳು. "ಖರೇನ ಅವ್ರ ಬಿಡವ್ವಾ. ನಿಮ್ಮಪ್ಪ ಕಿತ್ತೂರಾಗ ಒಂದ್ ಕುಸ್ತಿ ಹಿಡದಿದ್ದ. ಎದುರಿನಾಂವನ ಭುಜ ಲಟಕ್ಕಂತು. ಪಾಪ ಅಂತ ಇಂವ ಕೈ ಬಿಟ್ಟು ಎದ್ದ. ನಿಮ್ಮಜ್ಜಗ ಅದ ಸಿಟ್ಟು. ಕುಸ್ತಿ ಮುಗಸದ ಎದ್ದು ಬಂದಿ ಅಂತ, ಒಂದ್ ಕೂಸಿನ ತಂದಿ ಆದಾಂವಗ ನೂರಾ ಒಂದ ದಂಡ ಹೊಡ್ಯಾಕ ಹಚ್ಚಿದ್ರು. ಎಲ್ಲಾರ್ನೂ ಹೊರಗ ಹಾಕಿ ತಾವ ಎಣಸಾಕ ಕುಂತ್ರು. ಮೂವತ್ತೊಂದು ಅಂದ್ರು. ಮುಂದ ಅನಲಿಲ್ಲ."

"ಯಾಕ?"

"ಕುರ್ಚಿಮ್ಯಾಲೆ ಕುಂತಂಗನ ಜೀವಾ ಹೋಗಿತ್ತು. ನಿಮ್ಮಪ್ಪನ ಮಾರಿ ನೆಲಕ್ಕ. ಅಂವಗೇನ ಗೊತ್ತು? ನನ್ನ ಪರೀಕ್ಷಾ ಮಾಡಾಕ ಹತ್ಯಾರ ಅಂತ ಕೈ ಊರಿ ಹಂಗ ನಿಂತಿದ್ದ. ಮುಂದಿನ ಅಂಕಿ ಬರೂತನಕ ಏಳಂಗಿಲ್ಲಲ್ಲ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ ಗೊತ್ತಿಲ್ಲ. ರಾಜಿ ಬೈಗುಳಕ್ಕೆ ತಯಾರಾದಳು. ಅಪ್ಪ ಬೈಯಲಿಲ್ಲ. "ಇನ್ನ ಆ ಕಡೆ ಹೋಗಬ್ಯಾಡ. ಬೆಳಗಾವಿಗೆ ನಾನೂ ಬರತೇನಿ," ಎಂದಷ್ಟೇ ಹೇಳಿದ.

ಹೊರಡುವ ದಿನ ನಸುಕಿನಲ್ಲಿ ಆಯಿ ಮೊಮ್ಮಗಳ ಚೀಲದಲ್ಲಿ ಕರವಸ್ತ್ರದ ಸಣ್ಣ ಗಂಟೊಂದನ್ನು ಇಟ್ಟಳು. ತಾಲೀಮಿನ ಮಣ್ಣು. ಪೈಲವಾನ ಪರ ಊರಿನಲ್ಲಿ ಕುಸ್ತಿಗೆ ಇಳಿಯುವ ಮೊದಲು ತನ್ನ ತಾಲೀಮಿನ ಮಣ್ಣನ್ನು ಅಂಗೈಗೆ ತಿಕ್ಕಿಕೊಳ್ಳಬೇಕು. ಇಲ್ಲದಿದ್ದರೆ ಅವನು ಯಾವ ಮನೆಯವನೂ ಅಲ್ಲ. ಮೂವತ್ತು ವರ್ಷ ಗಂಡನಿಗೂ ಮಗನಿಗೂ ಕಟ್ಟಿಕೊಟ್ಟ ಕೈ ಅದು. ಇವತ್ತು ಕಟ್ಟಬಾರದಿತ್ತು ಎಂದು ಆ ಕೈಗೆ ತೋಚಲಿಲ್ಲ.

ಬಸ್ಸು ಸವದತ್ತಿ ದಾಟಿತು. ಬೈಲಹೊಂಗಲದ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಅಪ್ಪ ಒಮ್ಮೆಲೇ ಬಾಯಿ ಬಿಟ್ಟ.

"ಊರ ಮಂದಿ ಅಂತಾರ, ವಸ್ತಾದರು ಸಾಕು ಅನ್ನೂದರಾಗ ಮಗಾ ಎದ್ದ, ಅದಕ್ಕ ಆತ್ಮಕ್ಕ ಶಾಂತಿ ಇಲ್ಲಂತ. ಡಾಕ್ಟರ್ ಬ್ಯಾರೆ ಹೇಳಿದ್ರು ತಂಗಿ. ಅರ್ಧಾ ತಾಸು ಮೊದಲ ತಂದಿದ್ರ ಉಳಿತಿದ್ರಂತ. ನಾ ಅರ್ಧಾ ತಾಸು ನೆಲಾ ನೋಡಕೋತ ನಿಂತಿದ್ದೆ. ತಲಿ ಎತ್ತಲಿಲ್ಲ." ಅವನ ಕೈಯ ಕಪ್ಪಿನಲ್ಲಿ ಚಹಾ ಆರಿ ಹೋಗಿತ್ತು. ರಾಜಿ ಅದನ್ನು ತೆಗೆದು ಕೆಳಗಿಟ್ಟಳು.

ಮೈದಾನದಲ್ಲಿ ಅದೇ ಮೇಡಮ್, ಅದೇ ಸೀಟಿ. ನೋಡಲು ಬಂದವರನ್ನು ಹಗ್ಗದಾಚೆ ನಿಲ್ಲಿಸಿದ್ದರು. "ಮೂವತ್ತಾದ ಮೇಲೆ ಸೀಟಿ ಊದ್ತೀನಿ. ಊದಿದ ಕೂಡ್ಲೇ ಎದ್ದು ನಿಲ್ಲಬೇಕು. ನೀರಲ್ಲಿ ಹುಕುಂ ಕೇಳದವರು ತಾವೂ ಮುಳುಗ್ತಾರೆ, ಹಿಡ್ಕೊಂಡವರನ್ನೂ ಮುಳುಗಿಸ್ತಾರೆ. ಮೂರನೇ ಸೀಟಿಗೂ ಏಳದಿದ್ರೆ ಸೀದಾ ಮನೆಗೆ," ಎಂದು ಮೇಡಮ್ ಎಲ್ಲರಿಗೂ ಕೇಳುವಂತೆ ಹೇಳಿದರು.

ಅಂಗೈ ಬೆವರುತ್ತಿತ್ತು. ರಾಜಿ ಚೀಲದಲ್ಲಿ ಕೈಯಾಡಿಸಿ ಗಂಟನ್ನು ಕಂಡಳು. ಊರು ಬಿಟ್ಟು ಇಷ್ಟು ದೂರ ಬಂದಿದ್ದೇನೆ, ಇಲ್ಲೇನು ಎಂದುಕೊಂಡು ಮಣ್ಣನ್ನು ಎರಡೂ ಅಂಗೈಗೆ ತಿಕ್ಕಿದಳು. ಹಗ್ಗದಾಚೆಯಿಂದ ಅಪ್ಪ ಅವಳ ಕೆಂಪು ಕೈಗಳನ್ನು ನೋಡಿ ಏನೋ ಕೂಗಿದ. ಅಷ್ಟರಲ್ಲಿ ಅವಳು ನೆಲಕ್ಕೆ ಕೈ ಊರಿ ಆಗಿತ್ತು.

"ಒಂದು," ಎಂದರು ಮೇಡಮ್.

"ಮೂವತ್ತೆರಡು," ಎಂದಿತು ಕಿವಿಯ ಹತ್ತಿರವೇ ಆ ಧ್ವನಿ.

ಅದು ಇಲ್ಲಿಗೂ ಬಂದಿತ್ತು. ಆದರೆ ತೋಳು ತಾನು ಕಲಿತದ್ದನ್ನು ಮಾಡುತ್ತಿತ್ತು. ಎದೆ ನೆಲಕ್ಕೆ, ಮೊಣಕೈ ಪಕ್ಕೆಗೆ, ಮೈ ಹಲಗೆ. ಹತ್ತು, ಹದಿನೈದು, ಇಪ್ಪತ್ತು. ಎರಡು ಎಣಿಕೆಗಳೂ ಒಂದರ ಹಿಂದೊಂದು ಬರುತ್ತಿದ್ದವು, ಒಂದೂ ತಪ್ಪಲಿಲ್ಲ. ಇಪ್ಪತ್ತೈದರ ಮೇಲೆ ಭುಜ ಉರಿಯತೊಡಗಿತು. ಹಲ್ಲು ಕಚ್ಚಿದಳು. ಕೆಂಪು ನೀರು ಕಣ್ಣಿಗೆ ಕಟ್ಟಿತು, ಅದರಲ್ಲಿ ಆಯಿಯ ಕೈ.

"ಮೂವತ್ತು!" ಎಂದು ಮೇಡಮ್ ಸೀಟಿ ಊದಿದರು.

"ಅರವತ್ತೊಂದು," ಎಂದಿತು ಧ್ವನಿ. ಮತ್ತು ಮುಂದಿನದಕ್ಕೆ ಕಾಯಿತು.

ಕೈ ಏಳಲಿಲ್ಲ. ಮೈ ಇಳಿಯಿತು, ಏರಿತು. ಅರವತ್ತೆರಡು. ಎರಡನೆಯ ಸೀಟಿ. "ಏ ಹುಡುಗಿ, ಕೇಳಿಸ್ತಿಲ್ವಾ?" ಬಿದ್ದುಬಿಡಲೂ ಆಗುತ್ತಿರಲಿಲ್ಲ, ನಾಲ್ಕು ತಿಂಗಳು ಬೆಳೆಸಿದ ತೋಳು ಈಗ ಬೀಳಲೊಲ್ಲದು. ಅರವತ್ಮೂರು. ಮೇಡಮ್ ಮೂರನೆಯ ಸಲ ಸೀಟಿಯನ್ನು ಬಾಯಿಗೆ ಎತ್ತುವುದು ಓರೆಗಣ್ಣಿಗೆ ಕಂಡಿತು. ಎಲ್ಲ ಮುಗಿಯಿತು ಎಂದು ರಾಜಿ ಅತ್ತಳು.

"ಸಾಕು!"

ಹಗ್ಗದಾಚೆಯಿಂದ ಬಂದ ಆ ಕೂಗಿಗೆ ಮೈದಾನವೇ ತಿರುಗಿ ನೋಡಿತು. ಮೆತ್ತಗೆ ಮಾತಾಡುವ ಮಹಾದೇವನ ಗಂಟಲಲ್ಲಿ ಅಂಥದೊಂದು ಇದೆಯೆಂದು ಅವನ ಮಗಳಿಗೂ ಗೊತ್ತಿರಲಿಲ್ಲ. "ಸಾಕು! ಏಳವ್ವಾ, ಸಾಕು! ಅವು ನಿನ್ನವಲ್ಲ, ನನ್ನವು!"

ಅಂಗೈ ಹಗುರಾಯಿತು. ರಾಜಿ ಎದ್ದು ನಿಂತಳು. ಮೂರನೆಯ ಸೀಟಿ ಮೇಡಮ್ ತುಟಿಯಲ್ಲೇ ಉಳಿಯಿತು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, ಹೆಸರಿನ ಮುಂದೆ ಸರಿ ಎಂದು ಗುರುತು ಹಾಕಿದರು. "ಮುಂದೆ ಮೊದಲ ಸೀಟಿಗೇ ಏಳಬೇಕು," ಎಂದರು. ರಾಜಿ ಪಾಸಾಗಿದ್ದಳು.

ಹೊತ್ತು ಮುಳುಗುವ ಮೊದಲೇ ರಾಮದುರ್ಗ ಮುಟ್ಟಿದರು. ಅಪ್ಪ ಮನೆಗೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಬಳಸಿ ನಡೆದ ಓಣಿಗೆ ನೇರವಾಗಿ ನಡೆದ. ಬಾಗಿಲಲ್ಲಿ ಕಾಲು ತೊಳೆದ. ಅಂಗಿ ಕಳಚಿ ಮೊಳೆಗೆ ಹಾಕಿ, ಕುರ್ಚಿಯ ಕಡೆ ನೋಡದೆ ಮಣ್ಣಿಗೆ ಕೈ ಊರಿದ.

"ಮೂವತ್ತೊಂದ ಆಗ್ಯಾವ. ಮುಂದಿನವು ನೀ ಎಣಸು."

"ಅಪ್ಪಾ, ನಿಮ್ಮ ವಯಸ್ಸೇನು..."

"ಎಣಸು ತಂಗಿ."

"ಮೂವತ್ತೆರಡು," ಎಂದಳು ರಾಜಿ. ಅವಳ ಧ್ವನಿಯ ಜೊತೆಗೇ ಮೂಲೆಯಿಂದ ಇನ್ನೊಂದು ಧ್ವನಿಯೂ ಅದೇ ಅಂಕಿಯನ್ನು ಹೇಳಿತು. ಅಪ್ಪನ ಬೆನ್ನು ಒಮ್ಮೆ ಕಂಪಿಸಿತು. ಅವನಿಗೂ ಕೇಳಿಸಿತ್ತು. ಅವನು ನಿಲ್ಲಲಿಲ್ಲ.

ಗಿರಣಿಯಲ್ಲಿ ಚೀಲ ಹೊತ್ತ ತೋಳುಗಳವು. ಐವತ್ತರ ತನಕ ಸರಾಗವಾಗಿ ನಡೆದವು. ಅರವತ್ತಕ್ಕೆ ಉಸಿರು ಕಟ್ಟಿತು. ಮುಂದೆ ಪ್ರತಿಯೊಂದಕ್ಕೂ ತೋಳು ನೆಟ್ಟಗೆ ಮಾಡಿ ನಿಂತು, ದಮ್ಮು ತೆಗೆದುಕೊಂಡು, ಇಳಿಯುತ್ತಿದ್ದ. ಬೆವರು ತೊಟ್ಟಿಕ್ಕಿ ಮುಖದ ಕೆಳಗಿನ ಮಣ್ಣು ಕೆಸರಾಯಿತು. ಎಂಬತ್ತು ದಾಟಿದ ಮೇಲೆ ಮೂಲೆಯ ಧ್ವನಿ ಸಣ್ಣಗಾಗುತ್ತ ಬಂತು, ತೊಂಬತ್ತಕ್ಕೆ ರಾಜಿಯದೊಂದೇ ಉಳಿಯಿತು. ಕಿಂಡಿಯ ಬೆಳಕು ಕೆಂಪಾಗಿ ಕುರ್ಚಿಯ ಕಾಲಿಗೆ ಇಳಿದಿತ್ತು.

"ನೂರಾ ಒಂದು."

ಅಪ್ಪ ಏಳಲಿಲ್ಲ, ತೋಳು ನೆಟ್ಟಗೆ ಊರಿ ನೆಲ ನೋಡುತ್ತ ನಿಂತ. ಅಂದು ಹೀಗೇ ನಿಂತಿದ್ದನಲ್ಲ! ರಾಜಿ ಕುರ್ಚಿಯ ಕಡೆ ನೋಡಿದಳು. ಮೂಲೆಯಲ್ಲಿ ಯಾರೋ ಆ ಒಂದು ಶಬ್ದಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಹೇಳಲು ಅವರಿಗೆ ಆಗದು. ಅದು ಬದುಕಿದವರೇ ಹೇಳಬೇಕಾದ ಮಾತು. ಭಯಕ್ಕಿಂತ ಹೆಚ್ಚಾಗಿ ಅವಳಿಗೆ ಆ ಮುದುಕನ ಮೇಲೆ ಮರುಕ ಬಂತು. ಅಪ್ಪನ ತೋಳು ಗಡಗಡ ನಡುಗುತ್ತಿತ್ತು.

"ಸಾಕು ಅಪ್ಪಾ," ಎಂದಳು. "ಏಳ್ರಿ."

ಅಪ್ಪ ಎದ್ದ. ಕೆಸರು ಮೆತ್ತಿದ ಮುಖದಲ್ಲಿ ಕಣ್ಣೀರು ಎರಡು ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಅದೇ ಹೊತ್ತಿಗೆ ಮೂಲೆಯ ಕುರ್ಚಿ, ಭಾರದ ಮನುಷ್ಯ ಏಳುವಾಗ ಆಗುವ ಹಾಗೆ, ಕಿರ್ ಎಂದಿತು.

ರಾಜಿ ಅಪ್ಪನ ತೋಳು ಹಿಡಿದಳು. ಅಪ್ಪ ಆ ಕಡೆ ತಿರುಗಲಿಲ್ಲ. ತಲೆ ತಗ್ಗಿಸಿ, ಮಗಳನ್ನೂ ಜೊತೆಗೆ ಸರಿಸಿಕೊಂಡು, ಬಾಗಿಲಿನ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ. ಹಿರಿಯರು ಮೊದಲು ಹೊರಗೆ ಹೋಗಬೇಕು.